ಬಲ ನಾಲ್ಕು

ಜೇನ್ಸ್‌ವಿಲ್, ಮಾರ್ಚ್ ೫, ೧೯೮೫

ಪ್ರೀತಿಯ ಡ್ವೇನ್,

ಇನ್ನು ನಾವು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ನಿನ್ನ ಕಥೆಯಾಟದಲ್ಲಿ, ವೀರರ ಬಲ, ಬುದ್ಧಿಯನ್ನು ದಾಳ ಎಸೆದು ಗೊತ್ತುಮಾಡುವುದು ಬೇಡ, ಎಲ್ಲರಿಗೂ ಸಮನಾಗಿ ಅಂಕ ಕೊಡುತ್ತೇನೆ, ಬಲಕ್ಕೆ, ಬುದ್ಧಿಗೆ ಬೇಕಾದಷ್ಟು ಹಂಚಿಕೊಳ್ಳಿ ಎಂದೆಯಲ್ಲ. ನ್ಯಾಯವೇ ಸರಿ. ಆದರೆ ಆ ನ್ಯಾಯ ನಮಗೆ ಬೇಡ ಮಾರಾಯ. ನಮ್ಮ ಹಳೆಯ ವೀರರನ್ನೇ ಉಳಿಸಿಕೊಡು.

ಲಕ್ವ ಹೊಡೆದ ಮೇಲೆ ನನ್ನ ಗಂಡ ಓರಿನ್‌ನನ್ನು ಸ್ನಾನದ ತೊಟ್ಟಿಯಿಂದ ಎತ್ತುವವಳು ನಾನು. ನಿನ್ನ ಮೇಜಿನ ಮುಂದೆ ಎಡಗೈಯಲ್ಲಿ ಮೂರು ದಾಳ ಎಸೆದು ಬಲಕ್ಕೆ ಹದಿನೆಂಟು ಬಂದಾಗ, "ಯಾರೂ ಕನಿಕರಕ್ಕೆ ಕೊಟ್ಟಿದ್ದಲ್ಲ ಕಣ್ರೋ, ತಾನಾಗೇ ಬಂದಿದ್ದು!" ಎಂದು ಅವನು ಕೂಗಿದ್ದು ನಿನಗೂ ನೆನಪಿರಬೇಕು.

ಕಳೆದ ಶನಿವಾರ ಕಥೆಯಲ್ಲಿ ಹೊಳೆ ಅಡ್ಡ ಬಂದಾಗ, ಓರಿನ್ ನನ್ನ ಮಾಂತ್ರಿಕೆಗೆ, "ನಾಲ್ಕೇ ನಾಲ್ಕು ಬಲ ಇಟ್ಕೊಂಡು ಈಜೋಕೆ ಹೊರಟ್ಯಾ? ಬಾರೇ, ಬೆನ್ನ ಮೇಲೆ ಕೂತ್ಕೋ" ಎಂದ. ಮನೆಗೆ ಬಂದ ಮೇಲೂ ಅದೇ ಮಾತು.

ಈ ಶನಿವಾರ ಮೆಟ್ಟಿಲ ಮೇಲಿನ ಹಿಮ ಬಾಚಿ ಹಾಕಿರು. ಇನ್ನು ಮುಂದೆ ಬರೆಯುವುದನ್ನು ಓರಿನ್‌ಗೆ ಹೇಳಬೇಡ.

ನನ್ನ ಮಾಂತ್ರಿಕೆಯ ಬಲಕ್ಕೆ ದಾಳವನ್ನು ನಾನು ಮನೆಯಲ್ಲೇ ಎಸೆದು ಬರೆದು ತಂದಿದ್ದೆ. ನೀನು ನಂಬಿದೆ, ಸುಳ್ಳು ಬರೆಯುವವರು ನಾಲ್ಕು ಎಂದು ಬರೆಯುತ್ತಾರೆಯೇ? ಬಿದ್ದದ್ದು ಹದಿನಾಲ್ಕು. ಬರೆದ ೧೪ರಲ್ಲಿ ಮೊದಲ ೧ನ್ನು ರಬ್ಬರಿನಲ್ಲಿ ಉಜ್ಜಿಬಿಟ್ಟೆ.

ಇಂತಿ,
ನಿನ್ನ ಬಡಕಲು ಮಾಂತ್ರಿಕೆ
ವರ್ನಾ