'ಕೀಪ್' ಎಂಬ ತಬ್ಬಲಿ ಪದ

ಪ್ರೀತಿಯ ಅಣ್ಣಾ,

ನೀನು ಇದನ್ನು ಓದಲಾರೆ, ಗೊತ್ತು. ನಿನ್ನ ಮುಂದೆ ಬಾಯಿಬಿಟ್ಟರೆ ಅಳು ಬರುತ್ತದೆ, ಅದಕ್ಕೇ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ.

ನಿಘಂಟಿನ ಕಚೇರಿಯಲ್ಲಿ ನೀನು ಅರ್ಥ ಬರೆಯುವವನು, ನಾನು ಕರಡು ತಿದ್ದುವವಳು. 'ಕೀಪ್' ಎಂಬ ಪುಟ್ಟ ಇಂಗ್ಲಿಷ್ ಕ್ರಿಯಾಪದ ಒಂದಿಡೀ ಬೇಸಿಗೆ ನಿನ್ನ ಜೀವ ತಿಂದಿತು. "ನೋಡೇ, ನಾವು ಮಾತು ಉಳಿಸ್ಕೋತೀವಿ, ಗುಟ್ಟು ಕಾಪಾಡ್ತೀವಿ, ಕೋಳಿ ಸಾಕ್ತೀವಿ. ಅವರಿಗೆ ಎಲ್ಲದಕ್ಕೂ ಇದೊಂದೇ. ಹಾಲು ಕೆಡದೆ ಉಳಿದ್ರೂ ಕೀಪೇ!" ಎಂದು ಊಟದ ಹೊತ್ತಿಗೂ ಅದೇ ರಾಮಾಯಣ. "ಹಾಗಾದ್ರೆ ನನ್ನನ್ನೂ ಕೀಪ್ ಮಾಡ್ಕೊಂಡಿದೀರೇನ್ರೀ?" ಎಂದು ಅತ್ತಿಗೆ ಮುಗ್ಧವಾಗಿ ಕೇಳಿದಾಗ ನಿನಗೆ ಅನ್ನ ನೆತ್ತಿಗೆ ಹತ್ತಿತ್ತು. ನಾನು ಬಿದ್ದು ಬಿದ್ದು ನಕ್ಕಿದ್ದೆ.

ಅದರ ಮೂಲ ಮಾತ್ರ ಕೊನೆಗೂ ಸಿಗಲಿಲ್ಲ. ಇಂಗ್ಲಿಷಿನ ನೆರೆಯ ಭಾಷೆಗಳಲ್ಲಿ ಅದಕ್ಕೆ ಅಣ್ಣತಮ್ಮಂದಿರೇ ಇಲ್ಲ, ತಬ್ಬಲಿ ಪದ ಎಂದು ನೀನೇ ಹೇಳಿದ್ದೆ. ಬಹಳ ಹಿಂದೆ ಅದಕ್ಕೆ ಹಿಡಿಯುವುದು, ಕಣ್ಣಿಟ್ಟು ಕಾಯುವುದು ಎಂಬ ಅರ್ಥಗಳಿದ್ದವಂತೆ.

ಇವತ್ತು ಬೆಳಿಗ್ಗೆ ಡಾಕ್ಟರು ನಿನ್ನ ಮುಂದೆಯೇ "ವಿ ವಿಲ್ ಕೀಪ್ ಹಿಮ್ ಕಂಫರ್ಟಬಲ್" ಎಂದು ಹೇಳಿ ಹೊರಟುಹೋದರು. ಅತ್ತಿಗೆಯ ಮುಖ ಅರಳಿತು. "ಕೇಳಿಸ್ತಾ? ಇಲ್ಲೇ ಇಟ್ಕೊಂಡು ಹುಷಾರ್ ಮಾಡ್ತಾರಂತೆ!" ಎಂದು ನಿನ್ನ ಹಣೆ ಒರೆಸಿದರು. ನೀನು ಕಣ್ಣು ತೆರೆದು ನನ್ನನ್ನು ನೋಡಿದೆ. ಆ ಮಾತಿನ ಅರ್ಥ ಆ ಕೋಣೆಯಲ್ಲಿ ನಮ್ಮಿಬ್ಬರಿಗೂ ಗೊತ್ತಿತ್ತು. ಇನ್ನು ಮದ್ದಿಲ್ಲ, ನೋವಾಗದಂತೆ ನೋಡಿಕೊಳ್ಳುವುದಷ್ಟೇ. ಅಣ್ಣಾ, ನನಗೆ ತುಂಬಾ ಭಯವಾಗುತ್ತಿದೆ.

ಮಧ್ಯಾಹ್ನ ಅತ್ತಿಗೆ ಮನೆಗೆ ಹೋಗಿ ನಿನ್ನ ಚಪ್ಪಲಿ ತಂದರು, ನೀನು ಎದ್ದು ನಾಲ್ಕು ಹೆಜ್ಜೆ ಹಾಕುತ್ತೀಯೆಂದು. ನನಗೆ ತಡೆಯಲಾಗಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಅಳಲಿಲ್ಲ. ಚಪ್ಪಲಿ ಎದೆಗೆ ಅವುಚಿಕೊಂಡು ನಿಂತು, "ಅದಕ್ಕೆ ಬೇರೆ ಪದ ಇರ್ಲಿಲ್ವಾ ಅವರ ಭಾಷೇಲಿ? ಇಟ್ಕೊಳ್ಳೋಕೆ ಆಗ್ದೇ ಇದ್ರೆ ಕೀಪ್ ಅಂತ ಯಾಕನ್ಬೇಕು?" ಎಂದರು. ನಾನು ಅವರ ಕೈ ಹಿಡಿದು ಒಳಗೆ ಕರೆತಂದೆ.

ಈಗ ನಿನ್ನ ಕಾಲ ಬಳಿ ಕೂತಿದ್ದಾರೆ. ಚಪ್ಪಲಿ ತೊಡಿಸಲು ನೋಡುತ್ತಿದ್ದಾರೆ. ನಿನ್ನ ಪಾದ ಬಾತುಕೊಂಡಿದೆ, ಹಿಡಿಸುತ್ತಿಲ್ಲ.

ನಿನಗೆ ನೋವಿಲ್ಲದ ನಿದ್ದೆ ಬರಲಿ. ಬೇರೇನು ಬೇಡಿಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ.

ನಿನ್ನ ತಂಗಿ