ಪೆನ್ಸಿಲಿನಿಂದ ಎರಡು ಸಲ

ಮಾರ್ಚ್ ೧೧, ಮಂಗಳವಾರ

ಇವತ್ತೂ ಕುರ್ಚಿ ಬಿಟ್ಟು ಏಳಲಿಲ್ಲ. ಸೊಂಟ ಶಾಪ ಹಾಕುತ್ತಿದೆ, ಹಾಕಲಿ.

ಆಫೀಸಿನಲ್ಲಿ ಕರಡು ತಿದ್ದುವುದು ಇಬ್ಬರ ಕೆಲಸವಾಗಿತ್ತು. ನಾನು ಅಕ್ಕ ಅನ್ನುವ ಹಿರಿಯ ಸಹೋದ್ಯೋಗಿ ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ನಾನು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟಿರುತ್ತಿದ್ದೆ. ನಾಲ್ಕು ಗಂಟೆಯಾದರೆ ಸಾಕು, ಪೆನ್ಸಿಲಿನಿಂದ ಮೇಜಿಗೆ ಎರಡು ಸಲ ಕುಟ್ಟಿ, "ಏಳೇ, ಕಣ್ಣಿಗೆ ಸ್ವಲ್ಪ ಆಕಾಶ ತೋರ್ಸೋಣ" ಅನ್ನುತ್ತಿದ್ದರು. ಹಿಂದಿನ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು ಮ್ಯಾನೇಜರನ್ನು ಬೈದುಕೊಂಡು ಬಂದರೆ, ಸಂಜೆಯವರೆಗೆ ಒಂದು ಕೊಂಬೂ ಕಣ್ತಪ್ಪುತ್ತಿರಲಿಲ್ಲ. ಮಗಳಿಗೆ ಇದನ್ನೆಲ್ಲ ಎಷ್ಟು ಸಲ ಹೇಳಿದ್ದೇನೋ.

ಈಗ ಮನೆಯಿಂದಲೇ ಕೆಲಸ. ಅಕ್ಕ ಅವರ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ, ಒಬ್ಬೊಬ್ಬರೇ. ಮೊಬೈಲಿನಲ್ಲಿ ನಾಲ್ಕಕ್ಕೆ ಅಲಾರಂ ಇಟ್ಟು ನೋಡಿದೆ. ಹೊಡೆದುಕೊಂಡಾಗಲೆಲ್ಲ ಅದರ ಬಾಯಿ ಮುಚ್ಚಿಸಿ ಮುಂದೆ ಓದಿದೆ. ಅದು ಕರೆದರೆ ಏಳಲು ಅದೇನು ನನ್ನ ಅಕ್ಕನೇ?

ಮಧ್ಯಾಹ್ನ ತೆರೆಯ ಮೇಲೆ ಕಣ್ಣು ನೆಟ್ಟು ಕೂತಿದ್ದಾಗ ಮಗಳು ಬಾಗಿಲಲ್ಲಿ ಬಂದು ನಿಂತಳು.

"ಕರೆದ್ಯಾ ಅಮ್ಮಾ?"

"ಇಲ್ವಲ್ಲ."

"ದಿನಾ ಇಷ್ಟೊತ್ತಿಗೆ ಪೆನ್ಸಿಲಲ್ಲಿ ಎರಡು ಸಲ ಕುಟ್ತೀಯ. ನನ್ನೇ ಕರೀತಿದೀಯೇನೋ ಅಂದ್ಕೊಂಡೆ."

"ಅಯ್ಯೋ, ಅಭ್ಯಾಸಬಲ ಕಣೇ. ಹೋಗು, ಓದ್ಕೋ."

ಹೋದಳು. ಗಡಿಯಾರ ನೋಡಿದೆ, ನಾಲ್ಕು ಹೊಡೆದು ಎರಡು ನಿಮಿಷ. ಪೆನ್ಸಿಲು ಇನ್ನೂ ಕೈಯಲ್ಲೇ ಇತ್ತು. ಅಕ್ಕ ನೆನಪಾದರು. ಮತ್ತೆ ಓದಲು ಕೂತೆ.

ಬಾಗಿಲಲ್ಲಿ ನಿಂತಿದ್ದ ಮಗಳ ಕಾಲಲ್ಲಿ ಹೊರಗೆ ಹಾಕುವ ಚಪ್ಪಲಿ ಇತ್ತು. ದಿನವಿಡೀ ತಪ್ಪು ಹುಡುಕುವ ಈ ಕಣ್ಣಿಗೆ ಅದು ಈಗ, ದೀಪ ಆರಿಸಲು ಹೊರಟಾಗ, ಕಾಣುತ್ತಿದೆ.