ಮಾರ್ಚ್ ತನಕ ತಾಳಬೇಕಾಗಿದ್ದ ಹಗ್ಗ

ಬೆಳ್ಮಣ್
14 ಸೆಪ್ಟೆಂಬರ್ 1964

ಪ್ರೀತಿಯ ತಮ್ಮ ಸ್ಟ್ಯಾನಿಗೆ,

ಬರ್ತಕ್ಕನ ನೆನಪುಗಳು. ನೀನು, ಸೋಫಿಯಾ, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರಗಳಿಗೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸು. ಶಾಲೆಯ ಕೆಲಸ, ಅಮ್ಮನ ಮೊಣಕಾಲು ನೋವು ಎಂದೆಲ್ಲ ನೆಪ ಹೇಳಬಹುದಿತ್ತು. ನಿಜ ಹೇಳುವುದಾದರೆ, ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಕಾಗದ ಹರಿದು ಹಾಕಿದ್ದೇನೆ. ಇವತ್ತೂ ಸಿಟ್ಟು ಇಳಿದಿಲ್ಲ, ಆದರೆ ಇನ್ನು ಕಾಯುವಂತಿಲ್ಲ.

ಕೊಂಕಣಿ ಬಿಟ್ಟು ಕನ್ನಡದಲ್ಲಿ ಬರೆದಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾದೀತು. ಕೊಂಕಣಿಯಲ್ಲಿ ನಿನ್ನನ್ನು ಬೈಯಲು ಹೊರಟರೆ ನಡುವೆ ಎಲ್ಲೋ ಮುದ್ದು ಬಂದುಬಿಡುತ್ತದೆ. ಅದಲ್ಲದೆ ಈ ಪತ್ರದ ನಕಲನ್ನು ಉಡುಪಿಯ ವಕೀಲ ಉಮಾನಾಥರಿಗೂ ಕೊಡುವವಳಿದ್ದೇನೆ. ಕದ್ದುಮುಚ್ಚಿ ಮಾಡುವುದು ನನ್ನಿಂದ ಆಗದು, ಅದಕ್ಕೇ ಮೊದಲೇ ಹೇಳಿದೆ.

ಕಳೆದ ತಿಂಗಳು ಕಾಪುವಿನಿಂದ ಪಾತುಮ್ಮ ಬಂದಿದ್ದಳು. ನಾನು ಕಾಪು ಶಾಲೆಯಲ್ಲಿದ್ದಾಗ ನಮ್ಮ ಎದುರು ಮನೆಯವಳು. ಅವಳ ಮಗ ಅಬ್ದುಲ್ ನನ್ನ ಶಿಷ್ಯ. ನೀನೇ ಕರೆದುಕೊಂಡು ಹೋಗಿ ನಿನ್ನ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವ ಕೆಲಸಕ್ಕೆ ಹಚ್ಚಿದವನು. ಫೆಬ್ರವರಿಯಲ್ಲಿ ಆ ಕ್ರೇನಿನ ಹಗ್ಗ ತುಂಡಾಗಿ, ಕಾದ ಉಕ್ಕು ತುಂಬಿದ ಕೊಪ್ಪರಿಗೆ ಉರುಳಿ, ಕೆಳಗಿದ್ದ ಒಬ್ಬ ಕೆಲಸಗಾರ ಸತ್ತ. ಅಬ್ದುಲ್ ಮಿತಿಮೀರಿ ಭಾರ ಎತ್ತಿದ್ದರಿಂದ ಹೀಗಾಯಿತು ಎಂದು ಕಂಪನಿ ಹೇಳಿತು. ಈಗ ಅವನ ಮೇಲೆ ಕೇಸು, ಜಾಮೀನಿನ ಮೇಲೆ ಊರಿಗೆ ಬಂದಿದ್ದಾನೆ. ಹಗ್ಗ ಸುಸ್ಥಿತಿಯಲ್ಲಿತ್ತು, ರಿಪೇರಿಯ ಹಣವೆಲ್ಲ ಸಕಾಲದಲ್ಲಿ ಮಂಜೂರಾಗಿತ್ತು ಎಂದು ಕೋರ್ಟಿಗೆ ಕೊಟ್ಟ ಹೇಳಿಕೆಗೆ ರುಜು ಹಾಕಿದವನು ಕಂಪನಿಯ ಫೈನಾನ್ಸ್ ಡೈರೆಕ್ಟರ್. ಅಂದರೆ ನೀನು.

ಪಾತುಮ್ಮ ನಮ್ಮ ಜಗಲಿಯಲ್ಲಿ ಕೂತು ಹೇಳಿದ್ದು ಕೇಳು. "ಟೀಚರೇ, ಅವ ಓದಿದ್ದು ಕಮ್ಮಿ ಇರಬಹುದು, ಮಂಡೆ ಸರಿ ಉಂಟಲ್ವಾ? ಹಗ್ಗದ ಎಳೆ ಬಿಟ್ಟಿದೆ ಅಂತ ಮೇಲಿನವರಿಗೆ ಎಷ್ಟೋ ಸಲ ಹೇಳಿದ್ದಾನಂತೆ. ನಿಮ್ಮ ತಮ್ಮನಿಗೆ ಒಂದು ಕಾಗದ ಬರೆಯಿರಿ. ಅವರಿಗೆ ಗೊತ್ತಾದರೆ ಸುಮ್ಮನೆ ಕೂರುವ ಜನ ಅಲ್ಲ."

ನಿನಗೆ ಗೊತ್ತಿಲ್ಲವೆಂದೇ ಅವಳು ನಂಬಿದ್ದಾಳೆ! ನನ್ನಿಂದ ಓದಿಸಲು ಅವಳು ತಂದಿದ್ದ ಆ ಇಂಗ್ಲಿಷ್ ಹೇಳಿಕೆಯ ನಕಲಿನ ಕೆಳಗೆ ಯಾರ ರುಜು ಉಂಟೆಂದು ಅಬ್ದುಲ್ ತಾಯಿಗೆ ಹೇಳಿಲ್ಲ. ನಾನೂ ಹೇಳದೆ ಕಾಗದ ಮಡಚಿ ಅವಳ ಕೈಗೆ ಕೊಟ್ಟೆ. ಅವಳು ಕಾಫಿ ಕುಡಿದು, ನಿನ್ನ ಮಕ್ಕಳನ್ನು ವಿಚಾರಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು.

ನಿನಗೆ ಎಲ್ಲ ಗೊತ್ತಿತ್ತು ಸ್ಟ್ಯಾನಿ. ಕಳೆದ ವರ್ಷ ಹೊಸ ತೆನೆಯ ಮೊಂತಿ ಹಬ್ಬಕ್ಕೆ ನೀನು ಮನೆಗೆ ಬಂದಿದ್ದೆ. ಹೊಸ ಅಕ್ಕಿಯ ಊಟಕ್ಕೆ ಕೈ ಹಾಕುವ ಮೊದಲು ಪ್ರತಿಯೊಬ್ಬರೂ ಆ ವರ್ಷ ದೇವರು ತಮಗೆ ಮಾಡಿದ ಒಂದು ಒಳ್ಳೆಯದನ್ನು ಹೇಳಬೇಕು, ಅದು ಅಪ್ಪ ನಮ್ಮ ಮನೆಯಲ್ಲಿ ಹಾಕಿದ ಕ್ರಮ. ತಂಗಿ ಝೀಟಾ ಹಸು ಕರು ಹಾಕಿದ್ದನ್ನು ಹೇಳಿದಳು. ಅವಳ ಗಂಡ ಎಡ್ಮಂಡ್ ಮಣಿಪಾಲದ ಕೆಲಸ ಖಾಯಂ ಆದದ್ದನ್ನು ಹೇಳಿದ. ನಿನ್ನ ಸರದಿ ಬಂದಾಗ ನೀನು ಎದೆಯುಬ್ಬಿಸಿ ಹೇಳಿದೆ: "ಬೋರ್ಡ್ ಮೀಟಿಂಗಿನಲ್ಲಿ ಚೇರ್ಮನ್ ಎಲ್ಲರ ಎದುರು ನನ್ನ ಕೈ ಕುಲುಕಿದರು. ಈ ವರ್ಷ ಲಾಭ ಇಳಿಯಬೇಕಿತ್ತು, ನಾನು ಇಳಿಯಲು ಬಿಡಲಿಲ್ಲ. ಮಾಡಿದ್ದು ಎಂತ ಗೊತ್ತುಂಟಾ? ಕ್ರೇನಿನ ಹಗ್ಗದಿಂದ ಹಿಡಿದು ಎಲ್ಲ ರಿಪೇರಿಯನ್ನೂ ಮಾರ್ಚ್ ಆಚೆಗೆ ತಳ್ಳಿಬಿಟ್ಟೆ. ವರ್ಕ್ಸ್ ಮ್ಯಾನೇಜರ್ ಬೊಬ್ಬೆ ಹೊಡೆದ. ಮಾರ್ಚ್ ತನಕ ತಾಳಿದರೆ ಸಾಕು ಮಾರಾಯ, ಅಂದೆ."

ದೇವರು ಮಾಡಿದ ಒಳ್ಳೆಯದಂತೆ! ಉಕ್ಕು ಮಾಡುವ ಕಂಪನಿಗೆ ಉಕ್ಕಿನ ಹಗ್ಗಕ್ಕೆ ಗತಿಯಿಲ್ಲವೇ? ನಮ್ಮ ಬಾವಿಯ ಹಗ್ಗದಲ್ಲಿ ನಾರು ಎದ್ದದ್ದು ಕಂಡರೆ ಅಮ್ಮ ಆ ದಿನ ಕೊಡಪಾನ ಇಳಿಸಲು ಬಿಡುವುದಿಲ್ಲ. ಅದು ಬರೀ ನೀರಿನ ಕೊಡ.

"ದೊಡ್ಡ ಕಂಪನಿ ನಡೆಸುವುದೆಂದರೆ ಇಂಥ ತೀರ್ಮಾನ ದಿನಾ ತೆಗೆದುಕೊಳ್ಳಬೇಕಾಗುತ್ತದೆ ಅಕ್ಕ, ಸಾವಿರಾರು ಜನರ ಸಂಬಳ ಅದರ ಮೇಲೆ ನಿಂತಿದೆ" ಎಂದು, ಝೀಟಾಳಿಂದ ನನ್ನ ಸಿಟ್ಟು ತಿಳಿದ ಮೇಲೆ ಬರೆದಿದ್ದೀ. ಸರಿ, ತೀರ್ಮಾನ ನಿನ್ನದಾದರೆ ತಪ್ಪು ಮಾತ್ರ ಅಬ್ದುಲ್ಲನದು ಹೇಗಾಯಿತು? ಚೇರ್ಮನ್ ಕೈ ಕುಲುಕಿದ್ದು ನಿನಗೆ, ಪೊಲೀಸರು ಕೋಳ ತೊಡಿಸಿದ್ದು ಅವನಿಗೆ. ಹಗ್ಗ ತಾಳೀತು ಎಂದು ಅಂದಾಜು ಮಾಡಿದೆ, ಅದು ತಪ್ಪಿತು ಎಂದು ನೀನು ಒಪ್ಪಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಒಬ್ಬ ಮನುಷ್ಯ ಸತ್ತ ಮೇಲೆ, ಎಲ್ಲ ತಿಳಿದೂ, ಕೂತು ರುಜು ಹಾಕಿದೆಯಲ್ಲ? ನಿನ್ನ ಅಕ್ಕ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಉಮಾನಾಥರನ್ನು ಕಂಡು ಎಲ್ಲವನ್ನೂ ಹೇಳಿದೆ. "ನಿಮ್ಮ ತಮ್ಮ ತಾನಾಗಿ ಹೇಳಿಕೆ ತಿದ್ದಿದರೆ ಹುಡುಗ ಬಚಾವಾದಾನು. ಇಲ್ಲದಿದ್ದರೆ ಜೈಲು ತಪ್ಪುವುದು ಕಷ್ಟ" ಎಂದರು. ಮತ್ತೆ, ಕಾರ್ಖಾನೆಯ ಊರಿನ ಕೋರ್ಟಿಗೆ ಅಷ್ಟು ದೂರ ಹೋಗಲಾರದ ಸಾಕ್ಷಿಗಳ ಮಾತನ್ನು ಕಾರ್ಕಳದ ಕೋರ್ಟಿನಲ್ಲೇ ಬರೆಸಿಕೊಳ್ಳುವಂತೆ ಕೇಳಬಹುದು. ಆದರೆ ಒಬ್ಬರ ಮಾತು ಸಾಲದು, ಆ ದಿನ ಮೇಜಿನ ಸುತ್ತ ಇದ್ದವರಲ್ಲಿ ಇನ್ನೊಬ್ಬರಾದರೂ ಬೇಕು ಎಂದರು. ಝೀಟಾಳನ್ನು ಕೇಳಿದೆ. ತಾನು ಅಡುಗೆಮನೆಯಲ್ಲಿದ್ದೆ ಎಂದಳು. ಎಡ್ಮಂಡ್, "ನಾನು ಊಟ ಮಾಡ್ತಾ ಇದ್ದೆ ಬರ್ತಕ್ಕ, ಎಂತದ್ದೂ ಕೇಳಲಿಲ್ಲ" ಎಂದ. ಊಟಕ್ಕೆ ಇನ್ನೂ ಯಾರೂ ಕೈಯೇ ಹಾಕಿರಲಿಲ್ಲ! ಅವನ ಮಗನಿಗೆ ನಿನ್ನ ಕಂಪನಿಯಲ್ಲಿ ಕೆಲಸವಾಗಬೇಕಲ್ಲ. ಹೋಗಲಿ, ಇನ್ನೊಂದು ಸಾಕ್ಷಿ ಸಿಕ್ಕಿದೆ. ನಾನಂತೂ ಹೇಳಿಯೇ ಹೇಳುತ್ತೇನೆ.

ಅದಕ್ಕೆ ಮೊದಲು ನೀನೇ ಹೇಳು ಸ್ಟ್ಯಾನಿ. ವಿಚಾರಣೆ ಅಕ್ಟೋಬರ್ ಕೊನೆಗೆ. ಹಗ್ಗ ಬದಲಿಸಬೇಕೆಂದು ಕೇಳಿದ್ದರು, ತಡೆಹಿಡಿದವನು ನಾನು ಎಂದು ಬರೆದು ಕೊಡು. ಕೆಲಸ ಹೋಗುತ್ತದೆ, ಬಂಗಲೆ ಹೋಗುತ್ತದೆ, ಬಹುಶಃ ಕೋರ್ಟು ನಿನ್ನನ್ನೂ ಕರೆಯುತ್ತದೆ. ಹೋದರೆ ಹೋಗಲಿ. ಸೋಫಿಯಾ, ಮಕ್ಕಳನ್ನು ಇಲ್ಲಿಗೆ ಕಳಿಸು. ನನ್ನ ಸಂಬಳದಲ್ಲಿ ಗಂಜಿಗೆ ಕೊರತೆಯಾಗದು.

ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ಕಾಳುಗಳನ್ನು ಅಮ್ಮ ಈ ಲಕೋಟೆಗೆ ಹಾಕಿದ್ದಾಳೆ. ನಾನಾಗಿದ್ದರೆ ಹಾಕುತ್ತಿರಲಿಲ್ಲ. ಆದರೂ ಹಿರಿಯಳಾಗಿ ಬೆಸಾಂವ್ ಎಂಬ ಆಶೀರ್ವಾದ ಕೊಡದೆ ಪತ್ರ ಮುಗಿಸಬಾರದು. ದೇವರು ನಿನ್ನನ್ನು ಕಾಪಾಡಲಿ, ನಿನಗೆ ಧೈರ್ಯ ಕೊಡಲಿ.

ನಿನ್ನ ಅಕ್ಕ,
ಬರ್ತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಲಿಲ್ಲ. ಇನ್ನೊಂದು ಸಾಕ್ಷಿ ಅಮ್ಮ. ನಾನು ಕೇಳಿರಲಿಲ್ಲ, ಝೀಟಾ, ಎಡ್ಮಂಡ್ ಇಲ್ಲವೆಂದ ಸಂಜೆ ಅವಳಾಗಿಯೇ ಹೇಳಿದಳು, "ಅವನ ಮಾತು ನಾನೂ ಕೇಳಿದ್ದೇನೆ, ಕಾರ್ಕಳಕ್ಕೆ ಬರುತ್ತೇನೆ" ಎಂದು. ಕಂಪನಿಯ ಪರವಾಗಿ ನೀನೇ ಬಂದು ಎದುರು ಕೂರಬಹುದೆಂದು ಉಮಾನಾಥರು ಅವಳಿಗೆ ತಿಳಿಸಿದರು. ನೀನು ಬರುತ್ತೀ ಎಂದರೆ ವಾರ ಮೊದಲೇ ನಿನ್ನ ಹಾಸಿಗೆ ಬಿಸಿಲಿಗೆ ಹಾಕುವವಳು, ಅಂದು ಆ ಹಾಸಿಗೆಯನ್ನು ಮುಟ್ಟಲಿಲ್ಲ. ಆಮೇಲೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಸ್ಟ್ಯಾನಿಗೆ ಬರಬೇಡ ಅಂತ ಬರಿ. ಅವನ ಮುಖ ಕಂಡರೆ ನಾನು ಸುಳ್ಳು ಹೇಳಿಬಿಡುತ್ತೇನೆ."